ಮನೆಯಲ್ಲೇ ಆರೈಕೆ: ವಿಶೇಷ ಚೇತನ ಮಕ್ಕಳಿರುವ ಕುಟುಂಬಗಳಿಗೆ ಕೆಲವು ಉಪಯುಕ್ತ ಸಂಗತಿಗಳು

ಬೀಜೋಪಚಾರ, ಗೊಬ್ಬರದ ಗುಂಡಿ, ಸಸಿ ಮಡಿ ಮೊದಲಾದವುಗಳ ವಿಷಯ ಬರೆಯಬೇಕಾದವನು ಮಕ್ಕಳ ಆರೈಕೆಯ ವಿಷಯಕ್ಕೆ ಏಕೆ ಕೈಯಿಟ್ಟನೆಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಾನು ಓದಿರುವುದು ಕೃಷಿ ಡಿಪ್ಲೊಮಾ, ವೈದ್ಯನಲ್ಲ. ಆದರೆ ಹೊಲದ ಬದುವಿನ ಮೇಲೆ ನಿಂತು ಕೆಲಸ ಮಾಡುವವನ ಕಣ್ಣಿಗೆ ಒಂದು ಸಂಗತಿ ಬೀಳದೆ ಇರುವುದಿಲ್ಲ. ಕಡಲೆಕಾಯಿ ಕೀಳುವ ಕಾಲದಲ್ಲಿ ಊರಿನ ಹೆಂಗಸರೆಲ್ಲ ಹೊಲದಲ್ಲಿದ್ದರೂ ಒಬ್ಬಿಬ್ಬರು ಮಾತ್ರ ಮನೆಯ ಹೊಸ್ತಿಲು ದಾಟುವುದಿಲ್ಲ. ವಿಚಾರಿಸಿದರೆ, "ಅವರ ಮನೇಲಿ ಕೈಕಾಲು ಬಾರದ ಮಗು ಐತೆ ಸಾರ್" ಎಂಬ ಉತ್ತರ ಬರುತ್ತದೆ. ಆ ಮನೆಯ ಹೊಲದಲ್ಲಿ ಕಳೆ ತಡವಾಗಿ ತೆಗೆಯುತ್ತಾರೆ, ಕೊಯ್ಲು ತಡವಾಗುತ್ತದೆ, ಕೂಲಿ ದುಡ್ಡು ಒಂದು ಕಡೆಯಿಂದ ಮಾತ್ರ ಬರುತ್ತದೆ, ಆಸ್ಪತ್ರೆಯ ಖರ್ಚು ಮಾತ್ರ ಎರಡು ಕಡೆಯಿಂದ ಹೋಗುತ್ತದೆ. ಹೀಗಿರುವಾಗ ಇದು ಬೇಸಾಯದ ವಿಷಯವಲ್ಲವೆಂದು ಹೇಳುವುದು ಹೇಗೆ?

2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ಎಲ್ಲ ವಯಸ್ಸಿನ ವಿಕಲಚೇತನರ ಸಂಖ್ಯೆ ಸುಮಾರು 13 ಲಕ್ಷ 24 ಸಾವಿರ. ಆಗ ಎಣಿಸಿದ ವೈಕಲ್ಯಗಳ ಬಗೆ ಕಡಮೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಗಳನ್ನು ಗುರುತಿಸಿದ್ದಾರೆ. ಕುರುಡು, ಕಿವುಡು, ಕಾಲಿನ ಊನ ಇವು ಎಲ್ಲರಿಗೂ ತಿಳಿದವು. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಸ್ನಾಯುಗಳು ಕ್ರಮೇಣ ಸೋಲುವ ಮಸ್ಕ್ಯುಲರ್ ಡಿಸ್ಟ್ರೊಫಿ ಇವುಗಳೂ ಆ ಪಟ್ಟಿಯಲ್ಲಿವೆ. ಮನೆಯವರ ಹಗಲು ರಾತ್ರಿಗಳನ್ನೆಲ್ಲ ಬೇಡುವುದು ಹೆಚ್ಚಾಗಿ ಈ ಎರಡನೆಯ ಗುಂಪಿನ ಮಕ್ಕಳ ಆರೈಕೆ. ಆದ್ದರಿಂದ ಈ ಲೇಖನದಲ್ಲಿ ಮುಖ್ಯವಾಗಿ ಸೆರೆಬ್ರಲ್ ಪಾಲ್ಸಿಯ ಮಕ್ಕಳನ್ನೂ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳನ್ನೂ ಕುರಿತು ಹೇಳುತ್ತೇನೆ.

ತಾಯಿಯ ತಪ್ಪಲ್ಲ

ಸೆರೆಬ್ರಲ್ ಪಾಲ್ಸಿ ಎಂದರೆ ಮಗು ಹುಟ್ಟುವ ಮೊದಲು, ಹುಟ್ಟುವಾಗ, ಇಲ್ಲವೇ ಹುಟ್ಟಿದ ಸ್ವಲ್ಪ ಕಾಲದಲ್ಲಿ ಮಿದುಳಿಗೆ ಪೆಟ್ಟು ಬಿದ್ದು, ಅದರಿಂದ ಕೈಕಾಲುಗಳ ಚಲನೆ ಕೆಡುವುದು. ದಿನ ತುಂಬುವ ಮೊದಲೇ ಹುಟ್ಟುವುದು, ಹೆರಿಗೆಯಲ್ಲಿ ಮಗುವಿಗೆ ಉಸಿರು ಕಟ್ಟುವುದು, ಹುಟ್ಟಿದ ಮಗುವಿಗೆ ಕಾಮಾಲೆ ವಿಪರೀತಕ್ಕೆ ಹೋಗುವುದು, ಮಿದುಳು ಜ್ವರ ಬರುವುದು ಇವು ಅದರ ಕಾರಣಗಳಲ್ಲಿ ಕೆಲವು. ಇದು ಅಂಟುರೋಗವಲ್ಲ. ಮಿದುಳಿಗೆ ಆದ ಪೆಟ್ಟು ದಿನೇ ದಿನೇ ಹೆಚ್ಚುವುದೂ ಇಲ್ಲ. ಆದರೆ ಆರೈಕೆ ಇಲ್ಲದಿದ್ದರೆ ಕೈಕಾಲುಗಳು ಸೆಟೆದು, ಕೀಲುಗಳು ಮಡಿಸಿದಂತೆಯೇ ಗಟ್ಟಿಯಾಗಿ ನಿಂತುಬಿಡುತ್ತವೆ. ಮಗು ವರ್ಷದಿಂದ ವರ್ಷಕ್ಕೆ ಕೆಟ್ಟಿತೆಂದು ನಮಗೆ ತೋರುವುದು ಬಹುಮಟ್ಟಿಗೆ ಈ ಕಾರಣದಿಂದ. ಮನೆಯ ಆರೈಕೆಯಿಂದ ತಡೆಯಬಹುದಾದ ಭಾಗವೂ ಇದೇ.

ಗ್ರಹಣದ ದಿನ ಗರ್ಭಿಣಿ ತರಕಾರಿ ಹೆಚ್ಚಿದಳು, ಹುತ್ತ ತುಳಿದಳು, ಹರಕೆ ತೀರಿಸಲಿಲ್ಲ ಎಂಬ ಮಾತುಗಳನ್ನು ನಾನು ಹಲವು ಜಗಲಿಗಳ ಮೇಲೆ ಕೇಳಿದ್ದೇನೆ. ಇವುಗಳಲ್ಲಿ ಸತ್ಯವಿಲ್ಲ. ಹರಕೆ ಹೊರುವುದು ಬಿಡುವುದು ಅವರವರ ನಂಬಿಕೆ. ಆದರೆ ತಾಯಿಯನ್ನು ದೂರುವುದರಿಂದ ಆಗುವ ಕೇಡು ದೊಡ್ಡದು. ದೂರಿಸಿಕೊಂಡ ತಾಯಿ ಮಗುವನ್ನು ಒಳಕೋಣೆಯಲ್ಲಿ ಬಚ್ಚಿಡುತ್ತಾಳೆ, ಆಸ್ಪತ್ರೆಗೆ ತರುವುದು ಎರಡು ವರ್ಷ ತಡವಾಗುತ್ತದೆ. ಸೋದರಮಾವನಿಗೆ ಕೊಡುವ, ಹತ್ತಿರದ ರಕ್ತಸಂಬಂಧದಲ್ಲಿ ತರುವ ಮದುವೆಗಳಿಂದ ಕೆಲವು ವಂಶಪಾರಂಪರ್ಯ ದೋಷಗಳು ಕಾಣಿಸಿಕೊಳ್ಳುವ ಸಂಭವ ಹೆಚ್ಚೆಂಬುದು ನಿಜ. ಅದು ಮುಂದೆ ಮದುವೆ ನಿಶ್ಚಯಿಸುವವರು ಯೋಚಿಸಬೇಕಾದ ವಿಷಯವೇ ಹೊರತು ಆಗಿಹೋದ ಮದುವೆಯಲ್ಲಿ ಹೆಣ್ಣನ್ನು ಹಳಿಯಲು ದೊರೆತ ಆಯುಧವಲ್ಲ.

ಮಗುವಿಗೆ 4 ತಿಂಗಳು ತುಂಬಿದರೂ ಕತ್ತು ನಿಲ್ಲದಿದ್ದರೆ, 9 ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ವರ್ಷದೊಳಗೇ ಒಂದು ಕೈಯನ್ನು ಮಾತ್ರ ಬಳಸಿ ಇನ್ನೊಂದನ್ನು ಮುಷ್ಟಿ ಹಿಡಿದೇ ಇದ್ದರೆ, ಶಬ್ದಕ್ಕೆ ತಿರುಗಿ ನೋಡದಿದ್ದರೆ "ಇವರಪ್ಪನೂ ತಡವಾಗೇ ನಡೆದ" ಎಂದು ಸಮಾಧಾನಪಟ್ಟು ಕೂರಬಾರದು. ಅಂಗನವಾಡಿ ಕಾರ್ಯಕರ್ತೆಗೂ ಆಶಾ ಕಾರ್ಯಕರ್ತೆಗೂ ತಿಳಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂದು ನಿಯಮವಿದೆ. ಆ ದಿನ ಇಂಥ ಮಗುವನ್ನು ಮನೆಯಲ್ಲಿ ಬಿಟ್ಟುಬರಕೂಡದು. ಅವರು ಜಿಲ್ಲಾಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕಳುಹಿಸಿಕೊಡುತ್ತಾರೆ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, ಮಿದುಳಿನ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇವೆ.

ಎತ್ತುವುದು, ಕೂರಿಸುವುದು, ಮಲಗಿಸುವುದು

ನಮ್ಮ ತಾಯಂದಿರು ಮಗುವನ್ನು ಸೊಂಟದ ಮೇಲೆ, ಕಾಲುಗಳೆರಡೂ ಆಚೀಚೆ ಬರುವಂತೆ ಎತ್ತಿಕೊಳ್ಳುತ್ತಾರಷ್ಟೆ. ತೊಡೆಗಳು ಒಂದಕ್ಕೊಂದು ಅಂಟಿ ಕತ್ತರಿಯಂತೆ ಹೆಣೆದುಕೊಳ್ಳುವ ಮಗುವಿಗೆ ಈ ಹಳೆಯ ರೀತಿಯೇ ಹಿತವಾದದ್ದು. ಎತ್ತಿಕೊಂಡಷ್ಟು ಹೊತ್ತೂ ತೊಡೆಯ ಒಳಭಾಗದ ಸ್ನಾಯುಗಳು ತಾವಾಗಿ ಹಿಗ್ಗುತ್ತವೆ. ತೋಳಿನ ಮೇಲೆ ಅಂಗಾತ ಮಲಗಿಸಿ ಒಯ್ಯುವುದರಿಂದ ಈ ಲಾಭವಿಲ್ಲ, ಮಗುವಿಗೆ ಸುತ್ತಲಿನ ಲೋಕವೂ ಕಾಣುವುದಿಲ್ಲ. ಪೇಟೆಯವರು ದುಡ್ಡು ಕೊಟ್ಟು ಕಲಿಯುವುದು ನಮ್ಮ ಅಜ್ಜಿಯರಿಗೆ ಮೊದಲೇ ಬರುತ್ತದೆ.

ಮಗು ಬೆಳೆದ ಮೇಲೆ ಸೊಂಟದ ಮೇಲೆ ಹೊರುವುದು ಸಾಧ್ಯವಿಲ್ಲ. ಆಗ ಮೊದಲು ಕೆಡುವುದು ತಾಯಿಯ ಬೆನ್ನು. ನೆಲದ ಮೇಲಿನ ಮೂಟೆಯನ್ನು ತಿಳಿದವನು ಹೇಗೆ ಎತ್ತುತ್ತಾನೆಂಬುದನ್ನು ನೆನೆಯಿರಿ. ಬೆನ್ನು ಬಾಗಿಸಿ ಎತ್ತುವುದಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು, ಮೂಟೆಯನ್ನು ಎದೆಗೆ ಒತ್ತಿಕೊಂಡು, ತೊಡೆಯ ಬಲದಿಂದ ಏಳುತ್ತಾನೆ. ಮಗುವನ್ನೂ ಹಾಗೆಯೇ ಎತ್ತಬೇಕು. ಸೆಟೆದಿರುವ ಮಗುವನ್ನು ಮೊದಲು ಒಂದು ಮಗ್ಗುಲಿಗೆ ತಿರುಗಿಸಿ, ಮಂಡಿಗಳನ್ನು ನಿಧಾನವಾಗಿ ಹೊಟ್ಟೆಯ ಕಡೆ ಮಡಿಸಿದರೆ ಮೈಯ ಬಿಗಿ ಸಡಿಲವಾಗುತ್ತದೆ. ಆಮೇಲೆ ಕೂರಿಸಿ, ಅನಂತರ ಎತ್ತುವುದು. ತೂಕ 20 ಕಿಲೊ ದಾಟಿದ ಮೇಲೆ ಇಬ್ಬರು ಸೇರಿ ಎತ್ತುವುದೇ ಸರಿ. ಆ ಇನ್ನೊಬ್ಬರು ಮಗುವಿನ ತಂದೆಯಾದರೆ ಗೌರವಕ್ಕೇನೂ ಕುಂದಿಲ್ಲ.

ಇಡೀ ದಿನ ಅಂಗಾತ ಮಲಗಿಸಿಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ತಾನಾಗಿ ಹೊರಳಲಾರದ ಮಗುವನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲವಾದರೆ ಸೊಂಟದಲ್ಲೂ ಹಿಮ್ಮಡಿಯಲ್ಲೂ ಹುಣ್ಣಾಗುತ್ತದೆ. ಮಗ್ಗುಲಾಗಿ ಮಲಗಿಸುವಾಗ ಬೆನ್ನಿಗೆ ಸುತ್ತಿದ ಕಂಬಳಿಯನ್ನು ಒತ್ತಾಗಿ ಕೊಟ್ಟು, ಎರಡು ಮಂಡಿಗಳ ನಡುವೆ ಮಡಿಸಿದ ಹಳೆಯ ಸೀರೆ ಇಡಬೇಕು. ಕೂರಿಸುವುದಕ್ಕೆ ಮನೆಯ ಮೂಲೆಯೇ ಸಾಕು: ಎರಡು ಗೋಡೆ ಸೇರುವ ಕಡೆ ಕೂರಿಸಿದರೆ ಹೆಗಲುಗಳು ಮುಂದಕ್ಕೆ ಬಂದು ಕೈಗಳು ಎದುರಿಗೆ ಬರುತ್ತವೆ, ಆಟದ ಸಾಮಾನನ್ನು ಮುಟ್ಟಬಹುದು. ಇದೇ ಆಕಾರದಲ್ಲಿ ಊರಿನ ಬಡಗಿಯಿಂದ ಹಲಗೆಯ ಮೂಲೆ ಕುರ್ಚಿ ಮಾಡಿಸಬಹುದು. ಬಡಗಿಗೆ ಬೇಕಾದ ಅಳತೆ ಮುಖ್ಯವಾಗಿ ಮೂರು. ಮಂಡಿಯ ಹಿಂಭಾಗದಿಂದ ಹಿಮ್ಮಡಿಯವರೆಗೆ ಕುರ್ಚಿಯ ಎತ್ತರ. ಬೆನ್ನಿನಿಂದ ಮಂಡಿಯ ಹಿಂಭಾಗದವರೆಗೆ, ಎರಡು ಬೆರಳು ಕಡಮೆ ಮಾಡಿ, ಕೂರುವ ಹಲಗೆಯ ಅಗಲ. ಕುಳಿತಾಗ ನೆಲದಿಂದ ಮೊಳಕೈಯವರೆಗೆ ಎದುರಿನ ಮೇಜಿನ ಎತ್ತರ. ಪಾದಗಳು ನೆಲದ ಮೇಲೆ ಪೂರ್ತಿ ಊರಬೇಕು, ತೂಗಾಡಕೂಡದು. ತೊಡೆಗಳು ಅಂಟುವ ಮಗುವಿಗೆ ನಡುವೆ ಬಟ್ಟೆ ಸುತ್ತಿದ ಒಂದು ಗೂಟ ಬೇಕು. ಅಂಗಳದಲ್ಲಿ ಎರಡು ಸಾಲು ಸರ್ವೆ ಗಳ ನೆಟ್ಟು ಅಡ್ಡಪಟ್ಟಿ ಕಟ್ಟಿದರೆ ಹಿಡಿದು ನಡೆಯಲು ಸಾಧನವಾಯಿತು. ಮೆಕ್ಸಿಕೊ ದೇಶದ ಬೆಟ್ಟದ ಹಳ್ಳಿಗಳಲ್ಲಿ ಕೆಲಸ ಮಾಡಿದ ಡೇವಿಡ್ ವರ್ನರ್ ಎಂಬವರು ಇಂಥ ಅಗ್ಗದ ಸಾಧನಗಳ ಚಿತ್ರಗಳನ್ನು ತುಂಬಿ 'ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್' ಎಂಬ ಗ್ರಂಥವನ್ನು 1987ರಲ್ಲಿ ಹೊರತಂದರು. ಇಂಗ್ಲಿಷ್ ಬಾರದ ಬಡಗಿಗೂ ಅದರ ಚಿತ್ರಗಳು ಅರ್ಥವಾಗುತ್ತವೆ.

ಕೀಲು ನೀವುವುದರ ವಿಷಯದಲ್ಲಿ ಒಂದು ಎಚ್ಚರಿಕೆ. ಎಣ್ಣೆ ಹಚ್ಚಿ ಮೃದುವಾಗಿ ನೀವಿ, ಕೀಲನ್ನು ನಿಧಾನವಾಗಿ ಚಾಚಿ, ಇಪ್ಪತ್ತು ಮೂವತ್ತು ಎಣಿಸುವವರೆಗೆ ಹಿಡಿದು ಬಿಡುವುದು ಸರಿಯಾದ ಕ್ರಮ. ಹೇಗೆಂಬುದನ್ನು ಫಿಸಿಯೊಥೆರಪಿ ತಿಳಿದವರಿಂದ ಒಮ್ಮೆ ಕಣ್ಣಾರೆ ನೋಡಿ ಕಲಿಯಬೇಕು. ಜೋರಾಗಿ ಎಳೆದು "ನೆಟ್ಟಗೆ ಮಾಡುತ್ತೇನೆ" ಎನ್ನುವವರ ಕೈಗೆ ಮಗುವನ್ನು ಕೊಡಬಾರದು, ಮೂಳೆ ಮುರಿದೀತು.

ಊಟದ ಸಮಸ್ಯೆ

ಇಂಥ ಮಕ್ಕಳಲ್ಲಿ ಅನೇಕರು ಸೊರಗುವುದು ಮನೆಯಲ್ಲಿ ಅನ್ನವಿಲ್ಲದೆ ಅಲ್ಲ, ಅನ್ನ ಗಂಟಲಿನಿಂದ ಇಳಿಯದೆ. ಒಂದು ಊಟಕ್ಕೆ ಒಂದು ಗಂಟೆ ಹಿಡಿಯುತ್ತದೆ. ಆತುರದಲ್ಲಿರುವ ತಾಯಿ ಮಗುವನ್ನು ಕಾಲಿನ ಮೇಲೆ ಅಂಗಾತ ಮಲಗಿಸಿ, ಬಾಯಿ ತೆರೆಸಿ, ತೆಳ್ಳಗೆ ಮಾಡಿದ ಅಂಬಲಿಯನ್ನು ಹೊಯ್ಯುತ್ತಾಳೆ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಇದು ಬಹು ಅಪಾಯದ ಕೆಲಸ. ತಲೆ ಹಿಂದಕ್ಕೆ ಬಿದ್ದಾಗ ಶ್ವಾಸನಾಳದ ಬಾಗಿಲು ತೆರೆದುಕೊಳ್ಳುತ್ತದೆ, ತೆಳ್ಳನೆಯ ಪದಾರ್ಥ ಅನ್ನನಾಳಕ್ಕೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಣ್ಣುವಾಗ ಕೆಮ್ಮು, ಉಂಡ ಮೇಲೆ ಗೊರಗೊರ ದನಿ, ತಿಂಗಳಿಗೊಮ್ಮೆ ಎದೆಕಫ ಮತ್ತು ಜ್ವರ ಇವು ಕಂಡರೆ ಕಾರಣ ಇದಿರಬಹುದು. ಶೀತವೆಂದು ಮೆಣಸಿನ ಕಷಾಯ ಕೊಡುತ್ತ ಕೂರಬಾರದು. ವೈದ್ಯರಿಗೆ ತೋರಿಸಿ, ಉಣ್ಣಿಸುವ ರೀತಿಯನ್ನೂ ಅವರಿಗೆ ಹೇಳಬೇಕು.

ಸರಿಯಾದ ರೀತಿ ಹೀಗೆ. ಮಗುವನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆ ಬಾಗುವಂತೆ ತಲೆಗೆ ಆಸರೆ ಕೊಡಬೇಕು. ಉಣ್ಣಿಸುವವರು ಮೇಲೆ ನಿಂತು ತಿನ್ನಿಸಿದರೆ ಮಗು ತಲೆ ಎತ್ತುತ್ತದೆ. ಆದ್ದರಿಂದ ಎದುರಿಗೆ, ಅದರ ಕಣ್ಣಿನ ಮಟ್ಟಕ್ಕೆ ಕೂರಬೇಕು. ಚಿಕ್ಕ ಚಮಚದಲ್ಲಿ ಅರ್ಧ ತುಂಬಿ, ನಾಲಿಗೆಯ ಮುಂಭಾಗದ ನಡುವೆ ಇಟ್ಟು ಮೆಲ್ಲಗೆ ಒತ್ತಿ, ತುಟಿ ಮುಚ್ಚುವವರೆಗೆ ಕಾಯಬೇಕು. ನುಂಗಿದ್ದು ಖಚಿತವಾಗದೆ ಎರಡನೆಯ ಚಮಚ ಕೊಡಕೂಡದು. ಊಟವಾದ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು.

ರಾಗಿ ಮುದ್ದೆಯ ಬಗ್ಗೆ ಬೇರೆಯಾಗಿ ಹೇಳಬೇಕು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ನುಂಗುವುದೇ ಕಷ್ಟವಾಗಿರುವ ಮಗುವಿಗೆ ಆ ತುತ್ತು ಗಂಟಲಿಗೆ ಅಂಟಿ ಉಸಿರು ಕಟ್ಟಬಹುದು. ಹಾಗೆಂದು ರಾಗಿಯನ್ನೇ ಬಿಡಬೇಕಾಗಿಲ್ಲ. ಸುಣ್ಣದ ಅಂಶಕ್ಕೆ ರಾಗಿಗೆ ಸಮನಾದ ಧಾನ್ಯವಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಹುರಿದ ರಾಗಿಯ ಹಿಟ್ಟನ್ನು, ಚಮಚವನ್ನು ಓರೆ ಮಾಡಿದರೆ ತಟಕ್ಕನೆ ಸುರಿಯದೆ ಮೆಲ್ಲಗೆ ಜಾರುವಷ್ಟು ಗಟ್ಟಿಯಾಗಿ ಗಂಜಿ ಕಾಯಿಸಿ, ಒಂದು ಚಮಚ ತುಪ್ಪವನ್ನೋ ಕಡಲೆಕಾಯಿ ಎಣ್ಣೆಯನ್ನೋ ಬೆರೆಸಿದರೆ ಸ್ವಲ್ಪದರಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಬೇಳೆ, ಸೊಪ್ಪು, ಕುಂಬಳಕಾಯಿಗಳನ್ನು ನುಣ್ಣಗೆ ಬೇಯಿಸಿ ಮಸೆದು ಕೊಡಬಹುದು, ಮೊಟ್ಟೆ ತಿನ್ನುವವರು ಅದನ್ನೂ ಮಸೆದು ಕೂಡಿಸಬಹುದು. ಅನ್ನ ಒಂದು ಕಡೆ, ನೀರು ನೀರಾದ ಸಾರು ಒಂದು ಕಡೆ ಆಗುವ ಊಟ ಬೇಡ. ಹುರಿಗಡಲೆ, ಕಡಲೆಕಾಯಿ ಬೀಜ, ಇಡಿ ದ್ರಾಕ್ಷಿ ಇವು ಬೇಡವೇ ಬೇಡ. ಓಡಾಟವಿಲ್ಲದ ಮಕ್ಕಳಿಗೆ ಮಲಬದ್ಧತೆ ಸಾಮಾನ್ಯ. ಸೊಪ್ಪು, ಬಾಳೆಹಣ್ಣು, ಸಾಕಷ್ಟು ನೀರು ಕೊಡುತ್ತಿರಬೇಕು.

ಮೂರ್ಛೆ ಬಂದಾಗ

ಸೆರೆಬ್ರಲ್ ಪಾಲ್ಸಿ ಇರುವ ಅನೇಕ ಮಕ್ಕಳಿಗೆ ಮೂರ್ಛೆ ಅಥವಾ ಫಿಟ್ಸ್ ಸಹ ಬರುತ್ತದೆ. ಆಗ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲುಗಳ ನಡುವೆ ಚಮಚ ತುರುಕುವುದು ಇವುಗಳಿಂದ ಪ್ರಯೋಜನವಿಲ್ಲ. ಕೊನೆಯದರಿಂದ ಹಲ್ಲು ಮುರಿಯುತ್ತದೆ. ಮಗುವನ್ನು ಮಗ್ಗುಲಾಗಿ ತಿರುಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಟ್ಟು, ಕತ್ತಿನ ಗುಂಡಿ ಸಡಿಲಿಸಿ, ಗಡಿಯಾರ ನೋಡಬೇಕು. ಬಾಯಿಗೆ ನೀರು ಕೂಡ ಹಾಕಕೂಡದು. 5 ನಿಮಿಷ ಮೀರಿದರೆ, ಇಲ್ಲವೇ ನಿಂತು ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಆರು ತಿಂಗಳು ಮೂರ್ಛೆ ಬಂದಿಲ್ಲವೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವವರಿದ್ದಾರೆ. ಹಾಗೆ ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಬಿರುಸಾಗಿ ಬರುವುದುಂಟು.

ಬಾವಿ, ಹೊಂಡ, ಔಷಧದ ಡಬ್ಬಿ

ಇದು ನನ್ನ ಕಸುಬಿಗೆ ನೇರವಾಗಿ ಸೇರಿದ್ದು. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗೂ ಆಟಿಸಂ ಇರುವ ಮಕ್ಕಳಿಗೂ ಅಪಾಯದ ಅರಿವು ಕಡಮೆ. ಹೇಳದೆ ಕೇಳದೆ ನಡೆದುಬಿಡುತ್ತಾರೆ. ಅವರಲ್ಲಿ ಕೆಲವರಿಗೆ ನೀರನ್ನು ಕಂಡರೆ ಬಲು ಆಸೆ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯ ಮೇಲೆ ನಮ್ಮ ಬಯಲುಸೀಮೆಯಲ್ಲಿ ಕೃಷಿ ಹೊಂಡಗಳು ಹೆಚ್ಚಿವೆ. ಬೆಳೆಗೆ ಅದು ಭಾಗ್ಯವೇ ಸರಿ. ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡದ ದಂಡೆ ಪಾಚಿ ಕಟ್ಟಿ ಜಾರುವುದರಿಂದ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಸುತ್ತ ತಂತಿ ಬೇಲಿ ಹಾಕುವುದು ಕಡ್ಡಾಯವೆಂದೇ ತಿಳಿಯಬೇಕು. ಗಂಟು ಹಾಕಿದ ಒಂದು ಹಗ್ಗವನ್ನು ದಂಡೆಯಿಂದ ನೀರಿಗೆ ಇಳಿಬಿಟ್ಟಿರಬೇಕು. ಹಳೆಯ ತೆರೆದ ಬಾವಿಗೆ ಕಟ್ಟೆ ಇಲ್ಲವೇ ಜಾಲರಿ ಬೇಕು. ಕೀಟನಾಶಕವನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಗೂಡಿನಲ್ಲಿಡುವ ಚಾಳಿಯನ್ನು ಎಲ್ಲರೂ ಬಿಡಬೇಕು, ಇಂಥ ಮಗುವಿರುವ ಮನೆಯವರಂತೂ ಇಂದೇ ಬೀಗ ಹಾಕಬೇಕು.

ಮನೆಗೆಲಸವೇ ಪಾಠ

ಮಾತು ಬಾರದ ಮಗುವಿಗೆ ತಿಳಿವಳಿಕೆಯೂ ಇಲ್ಲವೆಂದು ಭಾವಿಸಬಾರದು. ಸೆರೆಬ್ರಲ್ ಪಾಲ್ಸಿಯ ಎಷ್ಟೋ ಮಕ್ಕಳ ಬುದ್ಧಿ ಚೆನ್ನಾಗಿಯೇ ಇದ್ದು, ನಾಲಿಗೆ ಮಾತ್ರ ಹಿಡಿತಕ್ಕೆ ಬಂದಿರುವುದಿಲ್ಲ. ಎರಡು ವಸ್ತು ತೋರಿಸಿ "ಯಾವುದು ಬೇಕು ಕಂದ?" ಎಂದು ಕೇಳಿ ಕಣ್ಣು ಯಾವ ಕಡೆ ಹೋಗುತ್ತದೆಂದು ನೋಡಿ, ಅದೇ ಅದರ ಮಾತು. ನೀರು, ಊಟ, ಬಹಿರ್ದೆಸೆ, ನೋವು ಇವುಗಳ ಚಿತ್ರ ಬರೆದ ರಟ್ಟು ಕೈಗೆ ಎಟಕುವಂತಿರಲಿ. ಕೆಲಸ ಕಲಿಸುವಾಗ ಒಂದನ್ನು ಹತ್ತು ತುಂಡು ಮಾಡಿ ಕಲಿಸಬೇಕು. ಅಂಗಿ ಹಾಕುವುದನ್ನು ಕಲಿಸಲು ಮೊದಲು ಎಲ್ಲವನ್ನೂ ನೀವೇ ಮಾಡಿ, ಕೊನೆಯಲ್ಲಿ ಅಂಗಿಯನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುವುದೊಂದನ್ನೇ ಮಗುವಿಗೆ ಬಿಡಿ. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಪ್ರತಿ ಸಲವೂ ಕೆಲಸ ಮುಗಿಸಿದ ಸಂತೋಷ ಮಗುವಿನದಾಗುತ್ತದೆ. ಅವರೆಕಾಯಿ ಸುಲಿಯುವುದು, ಹುರುಳಿಯನ್ನೂ ಅಲಸಂದೆಯನ್ನೂ ಬೇರೆ ಮಾಡುವುದು, ಕೋಳಿಗೆ ಕಾಳು ಹಾಕುವುದು ಬೆರಳುಗಳಿಗೆ ಒಳ್ಳೆಯ ವ್ಯಾಯಾಮ. ಪೇಟೆಯ ಚಿಕಿತ್ಸಾ ಕೇಂದ್ರಗಳಲ್ಲಿ ಬಣ್ಣದ ಮಣಿಗಳಿಂದ ಮಾಡಿಸುವುದೂ ಇದನ್ನೇ.

ಆರೈಕೆ ಮಾಡುವವರಿಗೆ ಆರೈಕೆ

ಇದುವರೆಗೆ ಹೇಳಿದ್ದನ್ನೆಲ್ಲ ಮಾಡುವವರು ಯಾರು? ಬಹುಪಾಲು ಒಬ್ಬಳೇ ತಾಯಿ. ಎರಡು ಗಂಟೆಗೊಮ್ಮೆ ಮಗ್ಗುಲು, ಒಂದು ಗಂಟೆಯ ಊಟ, ನೀವುವುದು, ತೊಳೆಯುವುದು ಎಂದು ಬರೆಯುವುದು ಸುಲಭ. ಆ ಪಟ್ಟಿಯನ್ನು ಅವಳ ದಿನದೊಳಗೆ ತುಂಬುವುದು ಹೇಗೆ? ಈ ಪ್ರಶ್ನೆಗೆ ಉತ್ತರವಿಲ್ಲದ ಸಲಹೆಗಳು ಗೋಡೆಯ ಭಿತ್ತಿಪತ್ರದಲ್ಲಿ ಮಾತ್ರ ಚೆನ್ನಾಗಿರುತ್ತವೆ.

ನಾನು ತಿರುಗುವ ಊರುಗಳಲ್ಲೊಂದರಲ್ಲಿ ಎಂಟು ವರ್ಷದ ಒಬ್ಬ ಹುಡುಗಿಯನ್ನು ಕೊಯ್ಲಿನ ದಿನಗಳಲ್ಲಿ ಸೀರೆಯ ತುಂಡಿನಿಂದ ನಡುಮನೆಯ ಕಂಬಕ್ಕೆ ಕಟ್ಟಿ ಹೋಗುತ್ತಿದ್ದರು. ಕಂಡವರು ಆ ತಾಯಿಯನ್ನು ಕಟುಕಿ ಎನ್ನುತ್ತಿದ್ದರು. ಅವಳು ನನಗೆ ಹೇಳಿದ್ದು ಇಷ್ಟು: "ಕಟ್ಟಾಕದೆ ಇನ್ನೇನ್ ಮಾಡ್ಲಿ ಸಾರ್? ತೆವಳ್ಕೊಂಡು ಬಾವಿ ಕಡೀಕೆ ಹೋಗ್ತಾಳೆ. ನಾನು ಕೂಲಿಗೆ ಹೋಗ್ದಿದ್ರೆ ಒಲೆ ಉರಿಯಲ್ಲ. ಬೈಯೋರು ಒಬ್ರಾದ್ರೂ ಬಂದು ಒಂದು ಗಳಿಗೆ ಕೂತ್ಕಂಡ್ರಾ?" ಮಕ್ಕಳನ್ನು ಕಟ್ಟಿಹಾಕುವುದು ತಪ್ಪು, ಅಪಾಯಕರ, ಬೆಂಕಿ, ಹಾವು, ಮೂರ್ಛೆ ಯಾವುದು ಬಂದರೂ ಮಗು ತಪ್ಪಿಸಿಕೊಳ್ಳಲಾರದು. ಆದರೆ ಆಕೆಯ ಕೊನೆಯ ಪ್ರಶ್ನೆಗೆ ಊರೇ ಉತ್ತರ ಹೇಳಬೇಕಾಗಿತ್ತು.

ಉತ್ತರ ನಮ್ಮ ಬೇಸಾಯದಲ್ಲೇ ಇದೆ. ಮುಯ್ಯಾಳಿನ ಪದ್ಧತಿ ಎಲ್ಲರಿಗೂ ಗೊತ್ತು. ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ದುಡ್ಡಿಲ್ಲ, ಲೆಕ್ಕದ ಪುಸ್ತಕವಿಲ್ಲ, ಆದರೂ ಯಾರೂ ಮರೆಯುವುದಿಲ್ಲ. ಇದೇ ಮುಯ್ಯಿಯನ್ನು ಮಗುವಿನ ಆರೈಕೆಗೆ ಏಕೆ ತರಬಾರದು ಎಂದು ಆ ಊರಿನ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಮಾತು ಬಂತು. ಮೊದಲ ಸಭೆಯಲ್ಲಿ ಒಪ್ಪಲಿಲ್ಲ. ಮೂರ್ಛೆ ಬಂದರೆ ತಮ್ಮ ತಲೆಗೆ ಬರುತ್ತದೆಂಬ ಹೆದರಿಕೆ ಕೆಲವರಿಗೆ. ಗರ್ಭಿಣಿ ಸೊಸೆಯಿರುವ ಮನೆಯವರಿಗೆ ಅಂಟೀತೆಂಬ ಸಂಶಯ. ಯಾರ ಮನೆಗೆ ಯಾರು ಹೋಗಿ ಯಾರಿಗೆ ಉಣ್ಣಿಸುವುದೆಂಬ ಹಳೆಯ ಲೆಕ್ಕವೂ ಒಳಗೊಳಗೇ ಇತ್ತು, ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಗಂಟು ಬಿಡಿಸಿದವಳು ಒಬ್ಬ ಮುದುಕಿ. "ನನ್ ಕೈಲಿ ಕಾಯಿ ಕೀಳಕ್ಕಾಗಲ್ಲ, ಕೂಸಿನ ಪಕ್ಕ ಕೂರಕ್ಕಾಗ್ತದೆ" ಎಂದಳು. ಐವರು ಮುಂದೆ ಬಂದರು. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಇಬ್ಬರು, ಮಧ್ಯಾಹ್ನ ಇಬ್ಬರು, ಒಬ್ಬರು ಹೆಚ್ಚಿಗೆ. ತಾಯಿ ಅದಕ್ಕೆ ಪ್ರತಿಯಾಗಿ ಅವರವರ ಹೊಲದಲ್ಲಿ ಅರ್ಧ ದಿನದ ಕೆಲಸ ಮಾಡುತ್ತಾಳೆ. ದಾನವಲ್ಲದ ಕಾರಣ ಆಕೆ ತಲೆ ತಗ್ಗಿಸಬೇಕಾಗಿಲ್ಲ.

ಇಂಥ ಏರ್ಪಾಡು ಮಾಡುವವರು ಕೆಲವು ಕಟ್ಟುಗಳನ್ನು ಪಾಲಿಸಬೇಕು. ಬರುವವರು ಮೊದಲ ನಾಲ್ಕು ದಿನ ತಾಯಿಯ ಜೊತೆಗೇ ಕುಳಿತು ಉಣ್ಣಿಸುವುದನ್ನೂ ಎತ್ತುವುದನ್ನೂ ನೋಡಿ ಕಲಿಯಬೇಕು. ಮಾತ್ರೆಯ ಹೊತ್ತು, ಮೂರ್ಛೆ ಬಂದರೆ ಮಾಡಬೇಕಾದದ್ದು, ತಂದೆಯ ಫೋನ್ ನಂಬರು ಗೋಡೆಯ ಮೇಲೆ ದಪ್ಪಕ್ಷರದಲ್ಲಿರಲಿ. ಯಾವಾಗಲೂ ಇಬ್ಬರು ಇರುವುದು ಉತ್ತಮ. ತನಗಾದದ್ದನ್ನು ಹೇಳಿಕೊಳ್ಳಲಾರದ ಮಗುವನ್ನು, ಅದರಲ್ಲೂ ಬೆಳೆಯುತ್ತಿರುವ ಹೆಣ್ಣುಮಗುವನ್ನು, ನೆಂಟನೆಂಬ ಕಾರಣಕ್ಕೆ ಯಾವ ಗಂಡಸಿನ ಜೊತೆಗೂ ಒಂಟಿಯಾಗಿ ಬಿಡಬಾರದು. ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098. ಮತ್ತೆ, ಬಿಡುವನ್ನು ಕೊಯ್ಲಿಗೆ ಮಾತ್ರ ಇಡಬಾರದು. ವಾರಕ್ಕೆ ಎರಡು ಗಂಟೆ ತಾಯಿ ಸಂತೆಗೆ ಹೋಗಿಬರಲಿ, ತವರಿನ ಮದುವೆಗೆ ಹೋಗಲಿ, ಸುಮ್ಮನೆ ನಿದ್ದೆ ಮಾಡಲಿ. ನಿದ್ದೆ ಬಾರದೆ, ಅಳು ನಿಲ್ಲದೆ, ಬದುಕು ಸಾಕೆನಿಸುವ ಮಟ್ಟಕ್ಕೆ ಬಂದವರು 14416 ಟೆಲಿ ಮಾನಸ್ ನಂಬರಿಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರಿಂದ ಈ ಸೌಕರ್ಯವಿದೆ, ಖರ್ಚಿಲ್ಲ.

ಸರ್ಕಾರದಿಂದ ಪಡೆಯತಕ್ಕದ್ದು

ಎಲ್ಲಕ್ಕೂ ಮೊದಲು ಯು.ಡಿ.ಐ.ಡಿ. ಕಾರ್ಡು ಮಾಡಿಸಬೇಕು. ವೈದ್ಯರು ವೈಕಲ್ಯವನ್ನು ಅಳೆದು ಶೇಕಡಾ ಪ್ರಮಾಣ ಬರೆದುಕೊಡುತ್ತಾರೆ. ಶೇ. 40 ಮತ್ತು ಅದಕ್ಕೆ ಮೇಲ್ಪಟ್ಟಿದ್ದರೆ ಹೆಚ್ಚಿನ ಸೌಲಭ್ಯಗಳಿಗೆ ಬಾಗಿಲು ತೆರೆಯಿತು. ಮಾಸಾಶನದ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಮೊತ್ತವು ವೈಕಲ್ಯದ ಪ್ರಮಾಣವನ್ನು ಅನುಸರಿಸುತ್ತದೆ. ಆರೈಕೆ ಮಾಡುವವರಿಗೇ ಭತ್ಯೆ ಕೊಡಬೇಕೆಂಬ ಮಾತು 2016ರ ಕಾಯಿದೆಯ 24ನೆಯ ಕಲಮಿನಲ್ಲಿದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1000 ರೂಪಾಯಿ ಕೊಡುವುದಾಗಿ ನಮ್ಮ ರಾಜ್ಯ ಸರ್ಕಾರ 2024-25ರ ಬಜೆಟ್ಟಿನಲ್ಲಿ ಪ್ರಕಟಿಸಿತು. ಬುದ್ಧಿಮಾಂದ್ಯ, ಆಟಿಸಂ ಮಕ್ಕಳ ತಾಯಂದಿರ ಶ್ರಮವೂ ಇದಕ್ಕಿಂತ ಕಡಮೆಯದಲ್ಲವೆಂದು ನನ್ನ ಅಭಿಪ್ರಾಯ.

1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಕೆಳಗೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಉಳ್ಳವರಿಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ. 1 ಲಕ್ಷ ರೂಪಾಯಿಯವರೆಗೆ ಖರ್ಚು ಸಿಗುತ್ತದೆ. ಮಗುವಿಗೆ 18 ವರ್ಷ ತುಂಬಿದ ಮೇಲೆ ಕಾನೂನಿನ ಪಾಲಕರಾಗಿ ನೇಮಕ ಹೊಂದಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಜಮೀನು ಇರುವ ಕುಟುಂಬಗಳು ಇದನ್ನು ಮುಂದೂಡಬಾರದು. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಇಂಥ ಮಕ್ಕಳ ಹಕ್ಕು. ಶಾಲೆಗೆ ಬರಲಾರದ ಮಗುವಿಗೆ ಗೃಹಾಧಾರಿತ ಶಿಕ್ಷಣ ಕೊಡಲು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಶಿಕ್ಷಕರಿದ್ದಾರೆ. ಮಗುವಿನ ಹೆಸರು ಹತ್ತಿರದ ಶಾಲೆಯ ಹಾಜರಿಯಲ್ಲಿರಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ತಾಯಿಯ ಬಸ್ಸಿನ ಖರ್ಚು ತಪ್ಪಿದೆ. ಮಗುವಿಗೆ ಊರಿನಿಂದ 100 ಕಿಲೊಮೀಟರ್‌ವರೆಗೆ ಓಡಾಡಲು ವಿಕಲಚೇತನರ ರಿಯಾಯಿತಿ ಪಾಸು ಮಾಡಿಸಬಹುದು.

ಇಷ್ಟು ಕಚೇರಿಗಳನ್ನು ತಿರುಗುವುದು ಹೇಗೆಂದು ಹೆದರಬೇಕಾಗಿಲ್ಲ. ಪ್ರತಿ ಗ್ರಾಮ ಪಂಚಾಯಿತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂಬ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ಅವರೂ ವಿಕಲಚೇತನರೇ, ಕಷ್ಟ ಬಲ್ಲವರು. ಅರ್ಜಿ ಬರೆಸುವುದು, ಶಿಬಿರದ ದಿನ ತಿಳಿಸುವುದು ಅವರ ಕೆಲಸ. ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ. 5ನ್ನು ವಿಕಲಚೇತನರಿಗಾಗಿ ವೆಚ್ಚ ಮಾಡಬೇಕು. ಈ ಹಣ ಎಷ್ಟಿದೆ, ಯಾವುದಕ್ಕೆ ಖರ್ಚಾಯಿತು ಎಂದು ಮುಂದಿನ ಗ್ರಾಮ ಸಭೆಯಲ್ಲಿ ಕೇಳಿ. ಮೂಲೆ ಕುರ್ಚಿ, ನಡೆಯುವ ಗಳ, ತೂತು ಕೊರೆದ ಶೌಚದ ಕುರ್ಚಿ, ಬಾವಿಯ ಜಾಲರಿ ಇವುಗಳಿಗೆ ಆ ಹಣದಿಂದ ಕೇಳಬಹುದು. ಬೇಡಿಕೆಯನ್ನು ಸಭೆಗೆ ಮೊದಲೇ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆದಿರಬೇಕು. ಕೊಟ್ಟ ಪ್ರತಿಯೊಂದು ಕಾಗದದ ಜೆರಾಕ್ಸನ್ನೂ, ಕಾರ್ಡು, ಪಾಸ್ ಪುಸ್ತಕ, ಔಷಧದ ಚೀಟಿಗಳ ಜೊತೆಗೆ ಒಂದೇ ಚೀಲದಲ್ಲಿ ಹಾಕಿ, ಮಳೆ ನೀರು ಸೋರದ ಕಡೆ ಇಡಿ.